ಎರೆಸೀಮೆಯ ಉಣ್ಣಿ, ಕಲಘಟಗಿಯ ಚಪ್ಪಟೆ ಹುಳ

"ಎತ್ತಿಗೆ ಹುಳದ ಗುಳಿಗಿ ಎರಡ ಕೊಡ್ರಿ." ಮೃಗಶಿರಾ ಮಳೆಯ ಹೊತ್ತಿಗೆ ಧಾರವಾಡ ಜಿಲ್ಲೆಯ ಯಾವ ತಾಲೂಕಿನ ಔಷಧದಂಗಡಿಯ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವರು ಕೈಗೆ ಸಿಕ್ಕ ಗುಳಿಗೆ ಕೊಡುತ್ತಾರೆ. ಯಾವ ಊರು, ಎತ್ತು ಎಷ್ಟು ದೊಡ್ಡದು, ಎಲ್ಲಿ ನೀರು ಕುಡಿಯುತ್ತದೆ, ಹಿಂದಿನ ಸಲ ಏನು ಕೊಟ್ಟಿದ್ದಿರಿ ಎಂದು ಕೇಳುವವರು ಅಪರೂಪ. ಹೀಗಾಗಿ ಅಣ್ಣಿಗೇರಿಯ ಎತ್ತಿಗೂ ಕಲಘಟಗಿಯ ಎಮ್ಮೆಗೂ ಒಂದೇ ಗುಳಿಗೆ, ಒಂದೇ ಅಳತೆ. ಒಂದಕ್ಕೆ ಅದು ಬೇಕಿರಲಿಲ್ಲ, ಇನ್ನೊಂದಕ್ಕೆ ಅದು ಸಾಲಲಿಲ್ಲ.

ದನದ ಹುಳದ ಮಾತನ್ನು ಹೊಟ್ಟೆಯಿಂದ ಶುರು ಮಾಡುವುದು ನಮ್ಮ ರೂಢಿ. ನೆಲದಿಂದ ಶುರು ಮಾಡಿದರೆ ಅರ್ಧ ಕೆಲಸ ಹಗುರಾಗುತ್ತದೆ. ಹುಳವಾಗಲಿ ಉಣ್ಣಿಯಾಗಲಿ, ಅದರ ಸಂತತಿಯಲ್ಲಿ ಬಹುಪಾಲು ಯಾವ ಹೊತ್ತಿನಲ್ಲೂ ದನದ ಮೈಮೇಲೆ ಇರುವುದಿಲ್ಲ. ಮೊಟ್ಟೆಯಾಗಿ, ಮರಿಯಾಗಿ ಸೆಗಣಿಯಲ್ಲಿ, ಕೆರೆಯಂಚಿನ ಹುಲ್ಲಿನಲ್ಲಿ, ಕೊಟ್ಟಿಗೆಯ ಗೋಡೆಯ ಸಂದಿಯಲ್ಲಿ ಕೂತು ದನ ಬರುವುದನ್ನು ಕಾಯುತ್ತಿರುತ್ತದೆ. ಔಷಧ ಮುಟ್ಟುವುದು ಮೈಮೇಲೆ ಬಂದವನ್ನು ಮಾತ್ರ.

ಎರಡು ನೆಲ, ಎರಡು ಲೆಕ್ಕ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಹುಭಾಗ ಎರೆಭೂಮಿ. ಹೆಸರು, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಂಗಾರಿಗೆ ಕಡಲೆ, ಜೋಳ, ಗೋಧಿ. ದನ ಬಯಲಲ್ಲಿ ಮೇಯುವುದು ಸುಗ್ಗಿ ಮುಗಿದ ಮೇಲಿನ ಕೆಲವು ದಿನ. ಉಳಿದಂತೆ ಗೋದಲಿಯಲ್ಲಿ ಜೋಳದ ಕಣಿಕಿ, ಕಡಲೆ ಹೊಟ್ಟು, ಶೇಂಗಾ ಹೊಟ್ಟು. ಬೇಸಿಗೆಯಲ್ಲಿ ನೆಲ ಕಾಲು ತೂರುವಷ್ಟು ಬಿರಿಯುತ್ತದೆ. ಆ ಬಿಸಿಲಲ್ಲಿ ಸೆಗಣಿಯೊಳಗಿನ ಜಂತುಹುಳದ ಮರಿಗಳು ಒಣಗಿ ಸಾಯುತ್ತವೆ. ಆದ್ದರಿಂದ ಈ ಮೂರು ತಾಲೂಕುಗಳಲ್ಲಿ ಹೊಟ್ಟೆಹುಳದ ಕಾಟದ ಕಾಲ ಚಿಕ್ಕದು. ಆರಿದ್ರಾ, ಪುನರ್ವಸು ಮಳೆಯಿಂದ ಹಿಡಿದು ಚಿತ್ತಾ, ಸ್ವಾತಿಯವರೆಗೆ, ಅದೂ ಮಳೆ ಸರಿಯಾಗಿ ಬಿದ್ದ ವರ್ಷ. ಇಲ್ಲಿ ವರ್ಷವಿಡೀ ಕಾಡುವುದು ಉಣ್ಣಿ. ಅದರ ಮಾತು ಮುಂದೆ ಬರುತ್ತದೆ.

ಕಲಘಟಗಿ ಬೇರೆಯೇ. ಭತ್ತದ ಗದ್ದೆ, ಸಾಲುಸಾಲು ಕೆರೆ, ಬೇಡ್ತಿಯ ಕೊಳ್ಳ, ಪಶ್ಚಿಮಕ್ಕೆ ಉತ್ತರ ಕನ್ನಡದ ಕಾಡಿನ ಅಂಚು. ಹುಬ್ಬಳ್ಳಿಗೆ ನೀರು ಕೊಡುವ ನೀರಸಾಗರ ಇರುವುದೂ ಈ ತಾಲೂಕಿನಲ್ಲೇ. ನೀರು ನಿಂತಲ್ಲಿ ಬಸವನಹುಳ, ಬಸವನಹುಳ ಇದ್ದಲ್ಲಿ ಚಪ್ಪಟೆ ಹುಳ.

ಗೆರೆ ಇಷ್ಟು ನೇರವಾಗಿಲ್ಲ, ಅದೂ ಗೊತ್ತಿರಲಿ. ನವಲಗುಂದಕ್ಕೆ ಮಲಪ್ರಭೆಯ ಕಾಲುವೆ ಬಂದ ಮೇಲೆ ಕಾಲುವೆಯ ಕೆಳಬದಿಯಲ್ಲಿ ನೀರು ಬಸಿದು ಜವುಗಾದ ತುಂಡು ನೆಲಗಳಿವೆ. ಬೆಣ್ಣೆಹಳ್ಳ, ತುಪ್ಪರಿಹಳ್ಳದ ದಂಡೆಯಲ್ಲಿ ಪ್ರವಾಹ ಇಳಿದ ಮೇಲೆ ಗುಂಡಿಗಳಲ್ಲಿ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ. ಇಂಥಲ್ಲಿ ಮೇಯುವ ಎರೆಸೀಮೆಯ ದನಕ್ಕೆ ಕಲಘಟಗಿಯ ಲೆಕ್ಕವೇ ಅನ್ವಯಿಸುತ್ತದೆ. ತಾಲೂಕಿನ ಹೆಸರಿಗಿಂತ ನಿಮ್ಮ ದನ ಬಾಯಿ ಹಾಕುವ ಹುಲ್ಲು ಎಲ್ಲಿಯದು ಎಂಬುದೇ ಮುಖ್ಯ.

ಕೆರೆಯಂಚಿನ ಹಸಿರು

ಯಕೃತ್ತಿನ ಚಪ್ಪಟೆ ಹುಳ ನೋಡಲು ಎಲೆಯಂತಿರುತ್ತದೆ. ಅದರ ಮೊಟ್ಟೆ ಸೆಗಣಿಯಲ್ಲಿ ಹೊರಬಿದ್ದು ನೀರು ಸೇರಬೇಕು, ಅಲ್ಲಿ ಮರಿಯಾಗಿ ಒಂದು ಜಾತಿಯ ಬಸವನಹುಳದೊಳಗೆ ಹೊಕ್ಕು ಬೆಳೆಯಬೇಕು, ಮತ್ತೆ ಹೊರಬಂದು ನೀರಂಚಿನ ಹುಲ್ಲಿಗೋ ಭತ್ತದ ಬುಡಕ್ಕೋ ಅಂಟಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಯಾಗಬೇಕು. ದನ ಅದನ್ನು ಮೇಯಬೇಕು. ಇಷ್ಟು ದೂರದ ದಾರಿ ಎಲ್ಲಿ ತುಂಡಾದರೂ ಹುಳ ಸೋಲುತ್ತದೆ. ತುಂಡು ಮಾಡುವ ಕಡೆಗೆ ನಾವು ಕೈ ಹಾಕಿದ್ದು ಕಡಿಮೆ.

ದೀಪಾವಳಿ ಕಳೆದ ಮೇಲೆ ಕೆರೆಯ ನೀರು ಹಿಂದೆ ಸರಿಯುತ್ತದೆ, ಒದ್ದೆ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಊರೆಲ್ಲ ಒಣಗಿದಾಗ ಹಸಿರು ಕಾಣುವುದು ಅಲ್ಲೊಂದೇ ಕಡೆ, ದನ ಅಲ್ಲಿಗೇ ಹೋಗುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಮೇಯಿಸುವವರಿಗೆ ಅತಿ ಒಳ್ಳೆಯದಾಗಿ ಕಾಣುವ ಜಾಗವೇ ದನಕ್ಕೆ ಅತಿ ಕೆಟ್ಟದ್ದು. ಮೇಯ್ದ ದಿನ ಏನೂ ಗೊತ್ತಾಗುವುದಿಲ್ಲ. ಮರಿಹುಳ ಕರುಳು ಕೊರೆದು ಯಕೃತ್ತು ಸೇರಿ, ಅಲ್ಲಿ ಅಲೆದು, ಪಿತ್ತನಾಳದಲ್ಲಿ ಬಲಿತು ಮೊಟ್ಟೆ ಇಡಲು ಮೂರು, ನಾಲ್ಕು ತಿಂಗಳು ಬೇಕು. ದನ ಸೊರಗುವುದು ಆಮೇಲೆ. ಅಷ್ಟರಲ್ಲಿ ಕೆರೆಯಂಚು ಮರೆತಿರುತ್ತದೆ, ಸಂತೆಯಿಂದ ತಂದ ಹಿಂಡಿಯ ಮೇಲೆ ತಪ್ಪು ಬೀಳುತ್ತದೆ.

ಗುರುತುಗಳು: ಕೂದಲು ಒರಟಾಗಿ ಹೊಳಪು ಕಳೆದುಕೊಳ್ಳುತ್ತದೆ, ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಬಿಳಿಚಿರುತ್ತದೆ, ಒಮ್ಮೆ ಗಟ್ಟಿ ಒಮ್ಮೆ ತೆಳು ಸೆಗಣಿ, ಕೊನೆಗೆ ಗದ್ದದ ಕೆಳಗೆ ನೀರು ತುಂಬಿದ ಬಾವು. ಈ ಬಾವಿನ ವಿಷಯದಲ್ಲಿ ಒಂದು ಎಚ್ಚರ. ಹುಳದ ಬಾವು ತಣ್ಣಗೆ, ಮೆತ್ತಗೆ ಇರುತ್ತದೆ, ನೋಯುವುದಿಲ್ಲ, ತಲೆ ಬಗ್ಗಿಸಿ ಮೇಯ್ದು ಬಂದ ಸಂಜೆ ಹೆಚ್ಚು, ಬೆಳಗ್ಗೆ ಕಡಿಮೆ. ಅದೇ ಜಾಗದಲ್ಲಿ ಬಿಸಿಯಾದ, ಮುಟ್ಟಿದರೆ ನೋಯುವ ಬಾವು ದಿಢೀರನೆ ಎದ್ದು, ಜೋರು ಜ್ವರ ಬಂದು, ಉಸಿರಾಟಕ್ಕೆ ಗೊರಗೊರ ಸದ್ದು ಸೇರಿದರೆ ಅದು ಗಳಲೆ ರೋಗವಿರಬಹುದು. ಅದಕ್ಕೆ ಹುಳದ ಗುಳಿಗೆ ಕೊಟ್ಟು ಕೂತರೆ ಒಂದೆರಡು ದಿನದಲ್ಲಿ ದನ ಇರುವುದಿಲ್ಲ. ಆಗ ದನದ ದವಾಖಾನೆಗೆ ಕೂಡಲೇ ಸುದ್ದಿ ಮುಟ್ಟಿಸಬೇಕು.

ಯಕೃತ್ತಿನ ಹುಳದ ಜೊತೆಗೆ ಅದೇ ನೀರಿನಿಂದ ಬರುವ ಇನ್ನೊಂದು ಬಳಗ ದನದ ಮೊದಲ ಹೊಟ್ಟೆಯಲ್ಲಿ ನೆಲೆಸುತ್ತದೆ. ಬಲಿತವು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಮರಿಗಳು ಸಣ್ಣ ಕರುಳಲ್ಲಿ ಇದ್ದಾಗ ಗಬ್ಬು ನಾರುವ, ನೀರಿನಂಥ ಭೇದಿ ಹತ್ತಿ ದನ ನೆಲ ಹಿಡಿಯುತ್ತದೆ. ಮೂರನೆಯದು ಮೂಗಿನ ರಕ್ತನಾಳದಲ್ಲಿ ವಾಸ ಮಾಡುವ ಹುಳ. ಮೂಗಿನೊಳಗೆ ಹೂಕೋಸಿನಂಥ ಗಡ್ಡೆ ಬೆಳೆದು ಎತ್ತು ನಿಂತಲ್ಲೇ ಗೊರಕೆ ಹೊಡೆಯುತ್ತದೆ. ಊರವರು ಇದನ್ನು ಗೊರಕೆ ರೋಗವೆಂದೇ ಕರೆಯುತ್ತಾರೆ. ಈ ಮೂರನೆಯ ಹುಳ ಹುಲ್ಲಿನಿಂದ ಬರುವುದಿಲ್ಲ, ಕೆರೆಯಲ್ಲಿ ನಿಂತ ದನದ ಚರ್ಮವನ್ನೇ ಕೊರೆದು ಒಳಸೇರುತ್ತದೆ. ನೀರಿಗಿಳಿಸಿ ಮೈ ತೊಳೆಸುವ ಎತ್ತುಗಳಿಗೆ ಅಪಾಯ ಹೆಚ್ಚು.

ಈಗ ಅಂಗಡಿಯ ಗುಳಿಗೆಯ ಮಾತು. ಸಾಮಾನ್ಯವಾಗಿ ಸಿಗುವುದು ಆಲ್ಬೆಂಡಜೋಲ್. ದುಂಡು ಹುಳಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಯಕೃತ್ತಿನ ಹುಳದಲ್ಲಿ ಬಲಿತವನ್ನಷ್ಟೇ, ಅದೂ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಮುಟ್ಟುತ್ತದೆ. ಯಕೃತ್ತನ್ನು ಕೊರೆಯುತ್ತಿರುವ ಮರಿಗಳನ್ನು ಬಿಟ್ಟುಬಿಡುತ್ತದೆ. ಮರಿಗಳನ್ನೂ ಕೊಲ್ಲುವುದು ಟ್ರೈಕ್ಲಾಬೆಂಡಜೋಲ್. ಮೊದಲ ಹೊಟ್ಟೆಯ ಹುಳಕ್ಕೆ ಆಕ್ಸಿಕ್ಲೋಜನೈಡ್ ಬೇಕು, ಕೆಲವೊಮ್ಮೆ ಎರಡು ಮೂರು ದಿನ ಬಿಟ್ಟು ಇನ್ನೊಂದು ಸಲ. ಗೊರಕೆ ರೋಗಕ್ಕೆ ಚಿಕಿತ್ಸೆಯೇ ಬೇರೆ. "ಹುಳದ ಗುಳಿಗಿ" ಎಂಬ ಒಂದೇ ಸರಕು ಇಲ್ಲ. ಕಲಘಟಗಿಯಲ್ಲಿ ವರ್ಷಾನುಗಟ್ಟಲೆ ಗುಳಿಗೆ ಕೊಟ್ಟೂ ದನ ಸುಧಾರಿಸಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಯಾವಾಗ ಕೊಡಬೇಕು? ಕೆರೆ, ಗದ್ದೆ, ಜವುಗಿನ ದನಕ್ಕೆ ಚಪ್ಪಟೆ ಹುಳದ ಔಷಧ ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಒಮ್ಮೆ, ಮಳೆ ಹಿಡಿಯುವ ಮೊದಲು ಇನ್ನೊಮ್ಮೆ. ಮಳೆಗೆ ಮುಂಚಿನದು ದನಕ್ಕಾಗುವಷ್ಟೇ ಕೆರೆಗೂ ಉಪಕಾರ: ಮೊದಲ ನೀರಿಗೆ ಮೊಟ್ಟೆ ಸೇರದಂತೆ ತಡೆಯುತ್ತದೆ. ಊರಿನವರೆಲ್ಲ ಒಂದೇ ವಾರದಲ್ಲಿ ಕೊಟ್ಟರೆ ಮಾತ್ರ ಈ ಉಪಕಾರ ಸಿಗುತ್ತದೆ. ಒಬ್ಬರು ಕೊಟ್ಟು ಒಂಬತ್ತು ಮಂದಿ ಬಿಟ್ಟರೆ ಕೆರೆ ಮೊದಲಿನಂತೆಯೇ ಉಳಿಯುತ್ತದೆ.

ಔಷಧವಿಲ್ಲದೆ ಆಗುವ ಕೆಲಸವೂ ಇದೆ. ನೀರನ್ನು ಕೆರೆಯಲ್ಲಿ ಕುಡಿಸುವ ಬದಲು ತೊಟ್ಟಿಯಲ್ಲಿ ಕುಡಿಸಿ. ಗ್ರಾಮ ಪಂಚಾಯಿತಿಗಳು ಕಟ್ಟಿಸಿದ ದನದ ತೊಟ್ಟಿಗಳು ಎಷ್ಟೋ ಊರಲ್ಲಿ ಖಾಲಿ ಬಿದ್ದಿವೆ. ನಲ್ಲಿ ರಿಪೇರಿಗೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಬೇಕಾದ ವಿಷಯ ಇದು. ತೊಟ್ಟಿಯ ಸುತ್ತ ನೀರು ಚೆಲ್ಲಿ ಕೆಸರಾದರೆ ಅಲ್ಲೇ ಬಸವನಹುಳ ಹುಟ್ಟುತ್ತದೆ, ಕಲ್ಲು ಹಾಸಿ. ಭತ್ತದ ಹುಲ್ಲನ್ನು ಗದ್ದೆಯಿಂದ ಹಸಿಯಾಗಿ ತಂದು ಹಾಕಬೇಡಿ. ಹುಳದ ಗುಳ್ಳೆ ಇರುವುದು ಕಾಂಡದ ಕೆಳಭಾಗದಲ್ಲಿ, ತೇವ ಇರುವವರೆಗೆ ಅದು ಬದುಕಿರುತ್ತದೆ. ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ, ಬಣವೆ ಒಟ್ಟಿ, ಕೆಲವು ತಿಂಗಳು ಬಿಟ್ಟ ಹುಲ್ಲಿನಿಂದ ಭಯ ಬಹಳ ಕಡಿಮೆ. ಹಳಬರು ಹೊಸ ಹುಲ್ಲನ್ನು ಕೂಡಲೇ ಹಾಕದೆ ಹಳೆ ಬಣವೆ ಬಿಚ್ಚುತ್ತಿದ್ದುದಕ್ಕೆ ಬೇರೆ ಕಾರಣಗಳಿದ್ದಾವು, ಲಾಭದಲ್ಲಿ ಮಾತ್ರ ಇದೂ ಸೇರಿತ್ತು.

ಹತ್ತನೇ ದಿನದ ಕರು

ಧಾರವಾಡಿ ಎಮ್ಮೆ 2021ರಲ್ಲಿ ರಾಷ್ಟ್ರೀಯ ತಳಿಯಾಗಿ ನೋಂದಣಿಯಾಯಿತು. ಪೇಢೆಯ ಹಾಲು ಇದರದ್ದು ಎಂದು ಅಭಿಮಾನಪಡುವ ನಾವು ಅದರ ಕರುವಿನ ವಿಷಯದಲ್ಲಿ ಉದಾಸೀನರು. ಎಮ್ಮೆ ಕರುಗಳು ಮೊದಲ ತಿಂಗಳುಗಳಲ್ಲಿ ಸಾಯಲು ಒಂದು ದೊಡ್ಡ ಕಾರಣ ದುಂಡು ಹುಳ. ಇದು ನೆಲದಿಂದ ಬರುವುದಕ್ಕೂ ಮೊದಲು ತಾಯಿಯ ಗಿಣ್ಣುಹಾಲಿನಿಂದ, ಆಮೇಲಿನ ಹಾಲಿನಿಂದ ಬರುತ್ತದೆ. ಎಮ್ಮೆಯ ಮೈಯಲ್ಲಿ ಮಲಗಿದ್ದ ಮರಿಹುಳಗಳು ಈದ ಕೂಡಲೇ ಕೆಚ್ಚಲಿಗೆ ಇಳಿಯುತ್ತವೆ. ಹಾಗಂತ ಗಿಣ್ಣುಹಾಲು ತಪ್ಪಿಸಬಾರದು, ಅದಿಲ್ಲದ ಕರು ಬೇರೆ ರೋಗಕ್ಕೆ ಬಲಿಯಾಗುತ್ತದೆ.

ಮೂರು ವಾರದ ಹೊತ್ತಿಗೆ ಹುಳ ಕರುಳಲ್ಲಿ ಬಲಿತು ಲಕ್ಷಗಟ್ಟಲೆ ಮೊಟ್ಟೆ ಹಾಕತೊಡಗುತ್ತದೆ. ಕರು ಮಣ್ಣಿನ ಬಣ್ಣದ, ಕೆಟ್ಟ ವಾಸನೆಯ ಸೆಗಣಿ ಹಾಕುತ್ತದೆ, ಹೊಟ್ಟೆ ಉಬ್ಬುತ್ತದೆ, ಮಣ್ಣು ನೆಕ್ಕುತ್ತದೆ, ಒಮ್ಮೊಮ್ಮೆ ಹುಳದ ಗಂಟು ಕರುಳನ್ನೇ ಮುಚ್ಚುತ್ತದೆ. ಆದ್ದರಿಂದ ಮೊದಲ ಔಷಧ ಹುಟ್ಟಿದ ಹತ್ತರಿಂದ ಹದಿನೈದನೇ ದಿನದೊಳಗೆ ಆಗಬೇಕು. ಆಗ ಹುಳ ಕರುಳಿಗೆ ಬಂದಿರುತ್ತದೆ, ಮೊಟ್ಟೆ ಶುರುವಾಗಿರುವುದಿಲ್ಲ. ಪೈಪರಜೀನ್ ದ್ರವವೋ ಪೈರಾಂಟೆಲ್ಲೋ, ಪ್ರಮಾಣವನ್ನು ಪಶುವೈದ್ಯರು ಕರುವಿನ ತೂಕ ನೋಡಿ ಹೇಳುತ್ತಾರೆ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಕರು ಹುಟ್ಟಿದ ದಿನವನ್ನು ಕ್ಯಾಲೆಂಡರಿನಲ್ಲಿ ಗೀಚಿ, ಹತ್ತು ದಿನ ಮುಂದಕ್ಕೆ ಎಣಿಸಿ ಇನ್ನೊಂದು ಗುರುತು ಹಾಕಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಲಾಭ ಕೊಡುವ ಕೆಲಸ ಈ ಇಡೀ ಲೇಖನದಲ್ಲಿ ಬೇರೊಂದಿಲ್ಲ.

ಸ್ವಲ್ಪ ದೊಡ್ಡ ಕರುವಿನ ಸೆಗಣಿಯಲ್ಲಿ ಬೇಯಿಸಿದ ಅಕ್ಕಿಯಂಥ ತುಣುಕು ಕಂಡರೆ ಅದು ಲಾಡಿಹುಳ. ನೋಡಲು ಭಯ, ಹಾನಿ ಅಷ್ಟಿಲ್ಲ.

ಟೇಪು ತಗೊಂಡು ಅಳೆಯಿರಿ

ದೊಡ್ಡ ದನಕ್ಕೆ ದುಂಡು ಹುಳದ ಔಷಧ ಎರೆಸೀಮೆಯಲ್ಲಿ ಕಾರಹುಣ್ಣಿಮೆಯ ಸುಮಾರಿಗೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಸಾಕು. ಕಾಡಂಚಿನಲ್ಲಿ ಮೇಯುವ ಕಲಘಟಗಿಯ ದನಕ್ಕೆ ನಡುವೆ ಮಘಾ, ಹುಬ್ಬ ಮಳೆಯ ಹೊತ್ತಿಗೆ ಇನ್ನೊಂದು. ಮೂರು ತಿಂಗಳಿಗೊಮ್ಮೆ ಕಣ್ಣು ಮುಚ್ಚಿ ಕೊಡುವ ಪದ್ಧತಿ ಎಲ್ಲರಿಗೂ ಬೇಕಿಲ್ಲ. ಅದರಿಂದ ಔಷಧಕ್ಕೆ ಬಗ್ಗದ ಹುಳ ತಯಾರಾಗುತ್ತದೆ. ಕಡಿಮೆ ಪ್ರಮಾಣ ಕೊಡುವುದರಿಂದ ಅದು ಇನ್ನೂ ಬೇಗ ತಯಾರಾಗುತ್ತದೆ.

ಇಲ್ಲೇ ಹೆಚ್ಚಿನವರು ಎಡವುವುದು. ತೂಕವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಎತ್ತು ಯಾವಾಗಲೂ ಹಗುರಾಗಿರುತ್ತದೆ. ದರ್ಜಿಯ ಟೇಪಿನಿಂದ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ, ಭುಜದ ಮೂಳೆಯ ತುದಿಯಿಂದ ಹಿಂಭಾಗದ ಮೂಳೆಯವರೆಗೆ ಉದ್ದ ತೆಗೆಯಿರಿ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ತೂಕ ಹತ್ತಿರ ಹತ್ತಿರ ಸಿಗುತ್ತದೆ. ಸುತ್ತಳತೆ 64 ಇಂಚು, ಉದ್ದ 54 ಇಂಚು ಇದ್ದ ಎತ್ತು ಸುಮಾರು 335 ಕಿಲೋ. ಆಲ್ಬೆಂಡಜೋಲ್ ಕಿಲೋಗೆ 7.5 ಮಿಲಿಗ್ರಾಂ ಲೆಕ್ಕದಲ್ಲಿ ಅದಕ್ಕೆ ಎರಡೂವರೆ ಗ್ರಾಂ ಬೇಕು. ಅಂಗಡಿಯಲ್ಲಿ ಒಂದೂವರೆ ಗ್ರಾಮಿನದೂ ಇದೆ, ಮೂರು ಗ್ರಾಮಿನದೂ ಇದೆ. ಅಗ್ಗವೆಂದು ಚಿಕ್ಕದನ್ನು ಒಂದೇ ಕೊಟ್ಟರೆ ಬಲಹೀನ ಹುಳ ಸತ್ತು ಗಟ್ಟಿ ಹುಳ ಉಳಿದುಕೊಳ್ಳುತ್ತದೆ.

ಗಬ್ಬದ ಮೊದಲ ಒಂದೂವರೆ ತಿಂಗಳು ಆಲ್ಬೆಂಡಜೋಲ್ ಕೊಡಬಾರದು, ಹೊಟ್ಟೆಯೊಳಗಿನ ಕರುವಿಗೆ ಕೆಡುಕು. ಆಗ ಫೆನ್‌ಬೆಂಡಜೋಲ್ ಕೇಳಿ. ಹೀಗಾಗಿ ಕೃತಕ ಗರ್ಭಧಾರಣೆ ಮಾಡಿಸಿದ ದಿನಾಂಕ ಬರೆದಿಟ್ಟುಕೊಳ್ಳುವುದು ಇಲ್ಲೂ ಕೆಲಸಕ್ಕೆ ಬರುತ್ತದೆ. ಹಾಲು ಕೊಡುವ ದನವಾದರೆ ಔಷಧದ ಚೀಟಿಯಲ್ಲಿ ಎಷ್ಟು ದಿನ ಹಾಲು ಬಳಸಬಾರದೆಂದು ಬರೆದಿದೆಯೋ ಅಷ್ಟು ದಿನ ಡೇರಿಗೂ ಹಾಕಬಾರದು, ಮನೆಯ ಮಕ್ಕಳಿಗೂ ಕೊಡಬಾರದು. ಐವರ್‌ಮೆಕ್ಟಿನ್ ಸೂಜಿಯನ್ನು ಹಾಲಿನ ದನಕ್ಕೆ ಹಾಕಿಸಲೇಬಾರದು. ಒಳಗಿನ ಹುಳ, ಹೊರಗಿನ ಉಣ್ಣಿ, ಕಜ್ಜಿ ಎಲ್ಲಕ್ಕೂ ಒಂದೇ ಸೂಜಿ ಎಂದು ಅದಕ್ಕೆ ಬಹಳ ಹೆಸರಿದೆ. ಚಪ್ಪಟೆ ಹುಳಕ್ಕೂ ಲಾಡಿಹುಳಕ್ಕೂ ಅದು ಏನೂ ಮಾಡುವುದಿಲ್ಲ. ಸೆಗಣಿಯಲ್ಲಿ ಇಳಿದು ಸೆಗಣಿ ಜೀರುಂಡೆಗಳ ಮರಿಗಳನ್ನೂ ಕೊಲ್ಲುತ್ತದೆ. ಸೆಗಣಿಯನ್ನು ಮಣ್ಣಿಗಿಳಿಸಿ ಹುಳದ ಮೊಟ್ಟೆಗಳನ್ನು ಹಾಳುಮಾಡುವ ಆಳುಗಳೇ ಅವು.

ಗೊಟ್ಟದಲ್ಲಿ ದ್ರವ ಔಷಧ ಹಾಕುವಾಗ ತಲೆ ಆಕಾಶ ನೋಡುವಂತೆ ಎತ್ತಿ, ನಾಲಿಗೆ ಹಿಡಿದೆಳೆದು ಸುರಿಯುತ್ತಾರೆ. ಔಷಧ ಪುಪ್ಪುಸಕ್ಕೆ ಇಳಿದರೆ ಹುಳಕ್ಕಿಂತ ಮೊದಲು ದನ ಸಾಯುತ್ತದೆ. ಮೂತಿ ಬೆನ್ನಿನ ಮಟ್ಟಕ್ಕಿಂತ ಬಹಳ ಮೇಲೆ ಹೋಗದಿರಲಿ, ನಾಲಿಗೆ ಬಿಡಿ, ಕೆಮ್ಮಿದರೆ ಕೂಡಲೇ ತಲೆ ಇಳಿಸಿ. ಗುಳಿಗೆಯಾದರೆ ಜೋಳದ ರೊಟ್ಟಿಯಲ್ಲಿ ಬೆಲ್ಲದ ಜೊತೆ ಸುತ್ತಿ ತಿನ್ನಿಸುವ ನಮ್ಮ ಹೆಣ್ಣುಮಕ್ಕಳ ರೀತಿಯೇ ಉತ್ತಮ.

ಗೋಡೆಯಲ್ಲಿ ಕೂತ ಉಣ್ಣಿ

1893ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಫ್ರೆಡ್ ಕಿಲ್ಬೋರ್ನ್ ಟೆಕ್ಸಾಸಿನ ದನಗಳ ಜ್ವರಕ್ಕೆ ಉಣ್ಣಿಯೇ ವಾಹಕ ಎಂದು ತೋರಿಸಿದರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾದ ಸುಳಿವು ಹಿಡಿದದ್ದು ಅದಾಗಿ ನಾಲ್ಕು ವರ್ಷಕ್ಕೆ. ಅಮೆರಿಕದವರು 1906ರಿಂದ ದಶಕಗಟ್ಟಲೆ ದನಗಳನ್ನು ಔಷಧದ ಹೊಂಡದಲ್ಲಿ ಮುಳುಗಿಸಿ ಎಬ್ಬಿಸಿ ಉಣ್ಣಿಯನ್ನು ಮೆಕ್ಸಿಕೋ ಗಡಿಯವರೆಗೆ ಅಟ್ಟಿದರು. ಜೊತೆಗೆ, ಸೆಕೆಗೂ ಉಣ್ಣಿಗೂ ಬಗ್ಗದ ದನ ಬೇಕೆಂದು ಭಾರತದ ತಳಿಗಳನ್ನು ಕೂಡಿಸಿ ಬ್ರಾಹ್ಮನ್ ಎಂಬ ತಳಿ ಕಟ್ಟಿದರು. ಗಿರ್, ಗುಜರಾತ್, ಓಂಗೋಲ್ ಜೊತೆಗೆ ಅದರಲ್ಲಿ ನಮ್ಮ ಕೃಷ್ಣಾ ಕಣಿವೆಯ ದನದ ರಕ್ತವೂ ಸ್ವಲ್ಪ ಸೇರಿದೆ. ಅತ್ತ ಅವರು ಒಯ್ದರು, ಇತ್ತ ನಾವು ಬಿಟ್ಟೆವು.

ಖಿಲಾರಿ ಎತ್ತಿನ ಚರ್ಮ ಮುಟ್ಟಿದರೆ ನಡುಗುತ್ತದೆ, ಕೂದಲು ಗಿಡ್ಡ, ನೆಕ್ಕುವ ಚುರುಕು ಹೆಚ್ಚು. ಉಣ್ಣಿ ಕೂರಲು ಜಾಗ ಕಡಿಮೆ. ಜರ್ಸಿ, ಎಚ್‌ಎಫ್ ಮಿಶ್ರತಳಿಯ ಆಕಳಿಗೆ ಆ ರಕ್ಷಣೆ ಇಲ್ಲ. ಒಂದೇ ಕೊಟ್ಟಿಗೆಯಲ್ಲಿ ಎತ್ತಿಗೆ ಹತ್ತು ಉಣ್ಣಿ, ಆಕಳಿಗೆ ಮುನ್ನೂರು ಇರುವುದು ಇದಕ್ಕೇ. ಔಷಧವನ್ನು ಎರಡಕ್ಕೂ ಒಂದೇ ಸಮ ಸುರಿಯುವ ಬದಲು ಆಕಳಿನ ಮೇಲೆ ಹೆಚ್ಚು ನಿಗಾ ಇಡುವುದು ಜಾಣತನ.

ನಮ್ಮಲ್ಲಿ ಉಣ್ಣಿ ಮುಖ್ಯವಾಗಿ ಎರಡು ಬಗೆ. ಒಂದು, ಮರಿಯಾಗಿ ದನಕ್ಕೆ ಹತ್ತಿ ಸುಮಾರು 21 ದಿನ ಅಲ್ಲೇ ಇದ್ದು, ರಕ್ತ ಕುಡಿದು ಔಡಲ ಬೀಜದಷ್ಟಾಗಿ ಉದುರುವುದು. ಉದುರಿದ ಹೆಣ್ಣು ಒಂದೊಂದೂ ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ಇನ್ನೊಂದು, ಕಾಲಿಗೆ ಪಟ್ಟೆ ಪಟ್ಟೆ ಇರುವ ದೊಡ್ಡ ಜಾತಿ. ಒಂದು ದನ ಬಿಟ್ಟು ಇನ್ನೊಂದಕ್ಕೆ ಹತ್ತುತ್ತದೆ, ನಡುವೆ ಗೋಡೆಯ ಬಿರುಕಿನಲ್ಲಿ ವಾಸ. ಎರೆಸೀಮೆಯ ಮಣ್ಣಿನ ಗೋಡೆ, ಮಾಳಿಗೆ ಮನೆ, ತಲಬಾಗಿಲ ಒಳಗೇ ದನ ಕಟ್ಟುವ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು.

ರಕ್ತ ಹೋಗುವುದಕ್ಕಿಂತ ದೊಡ್ಡ ನಷ್ಟ ಅವು ಹೊತ್ತು ತರುವ ರೋಗ. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿ ಜ್ವರ ಬಂದರೆ ಬೆಬೇಸಿಯಾ. ಅದರ ರೋಗಾಣು ತಾಯಿ ಉಣ್ಣಿಯಿಂದ ಮೊಟ್ಟೆಗೇ ಇಳಿಯುತ್ತದೆ. ಮಿಶ್ರತಳಿಗೆ ಜೋರು ಜ್ವರ, ಭುಜದ ಮುಂದೆ ಗಡ್ಡೆ ಊದಿ, ಹಾಲು ನಿಂತರೆ ಥೈಲೇರಿಯಾ. ಎರಡಕ್ಕೂ ಔಷಧ ಇದೆ, ಬೇಗ ಸಿಕ್ಕರೆ ಮಾತ್ರ. ಥೈಲೇರಿಯಾಕ್ಕೆ ಲಸಿಕೆಯೂ ಇದೆ, ಮಿಶ್ರತಳಿ ಸಾಕುವವರು ವಿಚಾರಿಸಬೇಕು. ಕಲಘಟಗಿಯ ಕಾಡಂಚಿನವರು ಇನ್ನೊಂದು ನೆನಪಿಡಲಿ: 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಕಾಡುಣ್ಣಿ ಬಲಿತ ಮೇಲೆ ರಕ್ತ ಕುಡಿಯುವುದು ದನದಂಥ ದೊಡ್ಡ ಪ್ರಾಣಿಗಳದ್ದು. ಕಾಡಿನಲ್ಲಿ ಮಂಗ ಸತ್ತ ಸುದ್ದಿ ಇದ್ದಾಗ ದನವನ್ನು ಅಲ್ಲಿಗೆ ಅಟ್ಟಬಾರದು.

ಸಿಂಪರಣೆಗೆ ಸಾಮಾನ್ಯವಾಗಿ ಸಿಗುವುದು ಡೆಲ್ಟಾಮೆಥ್ರಿನ್ ಶೇ 1.25, ಅಮಿಟ್ರಾಜ್ ಶೇ 12.5. ಎರಡನ್ನೂ ಉಣ್ಣಿಗೆ ಲೀಟರ್ ನೀರಿಗೆ 2 ಮಿಲಿ. ದೊಡ್ಡ ದನಕ್ಕೆ ಮೂರು ಲೀಟರಿಗೆ ಕಡಿಮೆಯಿಲ್ಲದಂತೆ ಬೇಕು. ಅರ್ಧ ಲೀಟರಿನಲ್ಲಿ ಬೆನ್ನು ಒದ್ದೆ ಮಾಡಿದರೆ ಸಾಲದು, ಬೆನ್ನಿನ ಮೇಲೆ ಉಣ್ಣಿ ಕೂರುವುದೇ ಕಡಿಮೆ. ಕಿವಿಯೊಳಗೆ, ಗಂಗೆದೊಗಲು, ತೊಡೆಸಂದು, ಕೆಚ್ಚಲ ಹಿಂದೆ, ಬಾಲದ ಬುಡ, ಗೊರಸಿನ ನಡುವೆ ಮುಟ್ಟಬೇಕು. ಕಿವಿಗೂ ಮುಖಕ್ಕೂ ಬಟ್ಟೆಯಿಂದ ಒರೆಸಿ, ಕಣ್ಣು ಬಾಯಿ ತಪ್ಪಿಸಿ. ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಬಿಸಿಲು ಏರುವ ಮೊದಲೋ ಇಳಿದ ಮೇಲೋ ಮಾಡಿ. ಗಾಯವಿರುವ ದನಕ್ಕೆ, ಎಳೆ ಕರುವಿಗೆ ವೈದ್ಯರನ್ನು ಕೇಳದೆ ಬೇಡ. ಅಮಿಟ್ರಾಜ್ ಕುದುರೆಗೆ ವಿಷ. ಡೆಲ್ಟಾಮೆಥ್ರಿನ್ ಮೀನಿಗೆ, ಜೇನಿಗೆ ವಿಷ, ಪಂಪನ್ನು ಕೆರೆಯಲ್ಲಿ ತೊಳೆಯಬೇಡಿ.

ಅದೇ ದಿನ ಕೊಟ್ಟಿಗೆಗೂ ಹೊಡೆಯಬೇಕು. ನೆಲ, ಗೋಡೆಯ ಬಿರುಕು, ಗೋದಲಿಯ ಅಡಿ, ಕಂಬದ ಸಂದು. ಬಿರುಕನ್ನು ಮಣ್ಣಿನಿಂದಲೋ ಸಿಮೆಂಟಿನಿಂದಲೋ ಮುಚ್ಚಿ ಸುಣ್ಣ ಬಳಿಯಿರಿ. ಉದ್ಯೋಗ ಖಾತ್ರಿಯಲ್ಲಿ ಕಟ್ಟಿಸಿಕೊಂಡ ಹೊಸ ಕೊಟ್ಟಿಗೆಗಳಿಗೆ ಈ ತೊಂದರೆ ಅರ್ಧ. ಹದಿನೈದರಿಂದ ಇಪ್ಪತ್ತು ದಿನಕ್ಕೊಮ್ಮೆ, ಮೂರು ಸಲ ಬಿಡದೆ ಮಾಡಿದರೆ ಹೊಸದಾಗಿ ಹತ್ತಿದ ಮರಿ ಬಲಿತು ಮೊಟ್ಟೆಗೆ ಉದುರುವ ಮೊದಲೇ ಸಿಕ್ಕಿಬೀಳುತ್ತದೆ. ಒಂದು ಸಲ ಹೊಡೆದು "ಔಷಧಿ ತಾಕತ್ತಿಲ್ರಿ" ಎನ್ನುವುದು ಅನ್ಯಾಯ. ಆದರೆ ಸರಿಯಾಗಿ ಮೂರು ಸಲ ಮಾಡಿಯೂ ಉಣ್ಣಿ ಜೀವಂತ ಇದ್ದರೆ ದೂರು ನಿಜ. ದೇಶದ ಹಲವೆಡೆ ಡೆಲ್ಟಾಮೆಥ್ರಿನ್‌ಗೆ ಬಗ್ಗದ ಉಣ್ಣಿ ಕಂಡುಬಂದಿದೆ. ಆಗ ಪ್ರಮಾಣ ಏರಿಸಬೇಡಿ, ಬೇರೆ ಗುಂಪಿನ ಔಷಧಕ್ಕೆ ಹೋಗಿ.

ಇಲ್ಲಿ ಗಟ್ಟಿ ಧ್ವನಿಯಲ್ಲಿ ಹೇಳಬೇಕಾದದ್ದೊಂದಿದೆ. ಹತ್ತಿಗೆ, ಮೆಣಸಿನಕಾಯಿಗೆ ತಂದ ಕೀಟನಾಶಕದ ಎಣ್ಣೆ ಡಬ್ಬಿಯಲ್ಲಿ ಉಳಿದಿರುತ್ತದೆ, ಅದನ್ನೇ ನೀರಿಗೆ ಬೆರೆಸಿ ದನದ ಮೈಗೆ ಸವರುವವರಿದ್ದಾರೆ. ಬೆಳೆಯ ಎಣ್ಣೆ ಚರ್ಮದಿಂದಲೇ ಒಳಗಿಳಿಯುತ್ತದೆ, ದನ ನೆಕ್ಕಿಕೊಂಡಾಗ ಬಾಯಿಯಿಂದಲೂ ಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಜೊಲ್ಲು, ಕಣ್ಣೀರು, ಸ್ನಾಯು ನಡುಕ, ಉಸಿರುಗಟ್ಟು. ಕಂಡ ಕೂಡಲೇ ಸೋಪಿನ ನೀರಿನಿಂದ ಮೈ ತೊಳೆದು ವೈದ್ಯರನ್ನು ಕರೆಯಿರಿ, ಡಬ್ಬಿಯನ್ನು ತೋರಿಸಿ. ಯಾವ ವಿಷವೆಂದು ತಿಳಿದರೆ ಅಟ್ರೋಪಿನ್ ಕೊಡಬೇಕೋ ಬೇಡವೋ ಅವರು ನಿರ್ಧರಿಸುತ್ತಾರೆ. ಕಳೆನಾಶಕ ಹೊಡೆದ ಪಂಪನ್ನೂ ದನಕ್ಕೆ ಬಳಸಬೇಡಿ, ಒಂದು ಚಿಕ್ಕ ಕೈಪಂಪು ಬೇರೆಯೇ ಇರಲಿ.

ಔಷಧ ಕಡಿಮೆ ಮಾಡಬೇಕೆನ್ನುವವರಿಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಸೂಚಿಸುವ ಒಂದು ಮನೆಮದ್ದಿದೆ. ಹತ್ತು ಎಸಳು ಬೆಳ್ಳುಳ್ಳಿ, ಬೇವಿನ ಎಲೆ, ಬೇವಿನ ಕಾಯಿ, ತುಳಸಿ, ಲಂಟಾನ ಎಲೆ ತಲಾ ಒಂದು ಹಿಡಿ, 10 ಗ್ರಾಂ ಬಜೆ, 20 ಗ್ರಾಂ ಅರಿಸಿನ ರುಬ್ಬಿ, ಒಂದು ಲೀಟರ್ ನೀರಿನಲ್ಲಿ ಸೋಸಿ, ವಾರಕ್ಕೊಮ್ಮೆ ಮೈಗೂ ಗೋಡೆಯ ಸಂದಿಗೂ ಸಿಂಪಡಿಸುವುದು. ಉಣ್ಣಿ ಕಡಿಮೆ ಇರುವಾಗ ಇದು ಸಾಕಾಗಬಹುದು, ಮೈತುಂಬ ಮುತ್ತಿದಾಗ ಇದನ್ನು ನಂಬಿ ಕೂರಬಾರದು. ಲಂಟಾನ ಎಲೆ ದನದ ಹೊಟ್ಟೆಗೆ ಹೋದರೆ ವಿಷ, ಚರಟವನ್ನು ಗೋದಲಿಯ ಹತ್ತಿರ ಎಸೆಯಬೇಡಿ.

ನೊಣ, ಹೇನು, ಗಾಯದ ಹುಳ

2022ರಲ್ಲಿ ಚರ್ಮಗಂಟು ರೋಗ ಉತ್ತರ ಕರ್ನಾಟಕದ ದನಗಳನ್ನು ಕಾಡಿದಾಗ ಕಚ್ಚುವ ನೊಣದ ಬೆಲೆ ಎಲ್ಲರಿಗೂ ಗೊತ್ತಾಯಿತು. ತಿಪ್ಪೆ ಕೊಟ್ಟಿಗೆಗೆ ಅಂಟಿಕೊಂಡಿದ್ದರೆ ಎಷ್ಟು ಹೊಗೆ ಹಾಕಿದರೂ ನೊಣ ಹೋಗುವುದಿಲ್ಲ. ತಿಪ್ಪೆ ದೂರ ಇಡಿ, ರಾಶಿಯನ್ನು ಒತ್ತಿ ಮೇಲೆ ಮಣ್ಣು ಮೆತ್ತಿ. ಒಳಗಿನ ಬಿಸಿಗೆ ನೊಣದ ಮರಿಯೂ ಜಂತುಹುಳದ ಮೊಟ್ಟೆಯೂ ಸಾಯುತ್ತವೆ, ಗೊಬ್ಬರವೂ ಚೆನ್ನಾಗಿ ಕಳಿಯುತ್ತದೆ. ಎಮ್ಮೆಯ ಹೇನು ಚಳಿಗಾಲದ್ದು, ಹದಿನಾಲ್ಕು ದಿನ ಬಿಟ್ಟು ಎರಡನೇ ಸಲ ಔಷಧ ಹಚ್ಚದಿದ್ದರೆ ಸೀರು ಒಡೆದು ಮತ್ತೆ ಶುರು. ನೊಗದ ಹೆಗಲಗಾಯ, ಕರುವಿನ ಹೊಕ್ಕುಳು, ಬೀಜ ಒಡೆಸಿದ ಜಾಗ ಮಳೆಗಾಲದಲ್ಲಿ ಹುಳ ಬೀಳುವ ತಾಣಗಳು. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಅರಳೆ ಇಟ್ಟರೆ ಹುಳ ಹೊರಬರುತ್ತವೆ, ಚಿಮುಟದಿಂದ ಒಂದೂ ಬಿಡದೆ ತೆಗೆದು ಮುಲಾಮು ಹಚ್ಚಿ. ಗಾಯ ಮಾಯುವವರೆಗೆ ಆ ಎತ್ತಿಗೆ ನೊಗ ಹೂಡಬೇಡಿ.

ಸೆಗಣಿ ಪರೀಕ್ಷೆ

ತಾಲೂಕಿನ ಪಶು ಆಸ್ಪತ್ರೆಯಲ್ಲಿ ಸೆಗಣಿ ಪರೀಕ್ಷೆ ಮಾಡಿಸಬಹುದು, ನಮ್ಮವರು ಬಳಸಿಕೊಳ್ಳುವುದು ಕಡಿಮೆ. ಬೆಳಗ್ಗೆ ಹಾಕಿದ ತಾಜಾ ಸೆಗಣಿಯ ನಡುಭಾಗದಿಂದ ನಿಂಬೆಹಣ್ಣಿನಷ್ಟು ತೆಗೆದು, ಸ್ವಚ್ಛ ಡಬ್ಬಿಯಲ್ಲಿ ಹಾಕಿ, ದನದ ಗುರುತು ಬರೆದು ಅದೇ ದಿನ ಮುಟ್ಟಿಸಿ. ನಾಲ್ಕೈದು ದನ ಇದ್ದರೆ ಸೊರಗಿದ ಎರಡರದ್ದು ಸಾಕು. ಮೊಟ್ಟೆ ಕಾಣದಿದ್ದರೂ ಕೆರೆಯಂಚಿನಲ್ಲಿ ಮೇಯ್ದ ದನದ ಮಾತನ್ನು ವೈದ್ಯರಿಗೆ ಹೇಳಲೇಬೇಕು, ಮರಿಹುಳ ಮೊಟ್ಟೆ ಇಡುವುದಿಲ್ಲ, ಪರೀಕ್ಷೆಗೆ ಸಿಗುವುದಿಲ್ಲ. ಗುಳಿಗೆ ಕೊಟ್ಟು ಎರಡು ವಾರದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರೆ ಔಷಧ ಕೆಲಸ ಮಾಡಿತೋ ಇಲ್ಲವೋ ಕಾಣುತ್ತದೆ. ದನ ನೆಲ ಹಿಡಿದು ಸಾಗಿಸಲಾಗದಿದ್ದರೆ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಊರಿಗೇ ಬರುತ್ತದೆ.

ಹುಬ್ಬಳ್ಳಿ ಸಂತೆಯಿಂದಲೋ ಜಾತ್ರೆಯಿಂದಲೋ ಹೊಸ ದನ ತಂದ ದಿನ ಅದನ್ನು ನೇರವಾಗಿ ಹಳೆಯವುಗಳ ಪಕ್ಕ ಕಟ್ಟಬೇಡಿ. ಮೂರು ವಾರ ಬೇರೆ ಗೂಟ, ಬೇರೆ ಬಕೆಟ್ಟು. ಮೊದಲ ದಿನವೇ ಕಿವಿ, ತೊಡೆಸಂದು ನೋಡಿ ಉಣ್ಣಿಗೆ ಸಿಂಪಡಿಸಿ, ಸೆಗಣಿ ಪರೀಕ್ಷೆಗೆ ಕಳಿಸಿ, ಹುಳದ ಔಷಧ ಕೊಟ್ಟ ಎರಡು ದಿನ ಅದರ ಸೆಗಣಿಯನ್ನು ಹೊಲಕ್ಕೆ ಹಾಕದೆ ತಿಪ್ಪೆಯ ನಡುವೆ ಹೂತುಬಿಡಿ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸಿದ್ದರೆ, ಒಳ್ಳೆಯ ಬಿಸಿಲು ಬಿದ್ದು ಹಿಕ್ಕೆ ಪುಡಿಯಾಗುವವರೆಗೆ ಎಳೆ ಕರುಗಳನ್ನು ಆ ಹೊಲಕ್ಕೆ ಬಿಡಬೇಡಿ. ಕುರಿಯ ಹುಳಗಳಲ್ಲಿ ಕೆಲವು ಕರುವಿನ ಹೊಟ್ಟೆಯಲ್ಲೂ ಬದುಕುತ್ತವೆ.